ಹಿತ್ತಾಳೆ ಬಗ್ಗುತ್ತೆ, ಕಾನೂನು ಬಗ್ಗಲ್ಲ

ತ್ರೀ-ನಾಟ್-ತ್ರೀ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪೊಲೀಸ್ ಪೇದೆಯ ಹೆಗಲಿಗೆ ನೇತಾಡುತ್ತಿದ್ದ ಆ ಹಳೇ ರೈಫಲ್. ಸಾಮಾನ್ಯ ಲೈಸೆನ್ಸ್ ಇಟ್ಟುಕೊಂಡು ಅದನ್ನು ಕೊಳ್ಳೋಕೆ ಹೋದರೆ ಸಿಗಲ್ಲ. ಅದು ‘ಪ್ರೊಹಿಬಿಟೆಡ್ ಬೋರ್’. ಆದರೆ .315 ಸಿಗುತ್ತೆ. ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲೇ ತಯಾರಾಗಿ ಬಂದಿರೋದು. ಹೆಸರಿನ ಲೆಕ್ಕದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ, ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 12 ಪಾಲು. ಅದೂ ದಪ್ಪ ಇರೋದು ಸಿಗುವ .315! ಇನ್ನೂ ತಮಾಷೆ ಬೇಕಾ? ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಸೈನ್ಯ ಹೊತ್ತು ತಿರುಗಿದ, .303ಗಿಂತ ಜೋರಾದ .30-06 ಕೂಡ ನಮ್ಮಲ್ಲಿ ನಿಷೇಧಿತ ಅಲ್ಲ.

ಇದು ಯಾರ ಬುದ್ಧಿವಂತಿಕೆ? ನಮ್ಮದಲ್ಲ ಸ್ವಾಮಿ, ಬ್ರಿಟಿಷರದ್ದು. ಸೈನ್ಯದ ಅಳತೆಯ ತೋಟೆ ಜನರ ಕೋವಿಗೂ ಹೊಂದಿಬಿಟ್ಟರೆ ದಂಗೆ ಏಳುವವರಿಗೆ ಅನುಕೂಲ ಅನ್ನೋ ಭಯ. ಹಾಗಾಗಿ 1907ರ ಸುಮಾರಿಗೆ ಭಾರತದಲ್ಲಿ .450 ಬೋರಿನ ರೈಫಲ್‌ಗಳಿಗೂ ತಡೆ ಬಿತ್ತು. ಲಂಡನ್ನಿನ ಕೋವಿ ತಯಾರಕರು ಅಳುತ್ತಾ ಕೂತರಾ? ಇಲ್ಲ. .500 ತೋಟೆಯ ಹಿತ್ತಾಳೆ ಕೇಸಿನ ಕುತ್ತಿಗೆಯನ್ನು ಕಿರಿದು ಮಾಡಿ .465 ಗುಂಡು ಕೂರಿಸಿದರು. ಅದರ ಹೆಸರೇ .500/465. ಮೊದಲು ಅಪ್ಪನ ಹೆಸರು, ಆಮೇಲೆ ಮಗನದ್ದು. ನಿಷೇಧವಾದ .450ಗಿಂತ ಇದು ದಪ್ಪ. ಆನೆ ಹೊಡೆಯುವ ಕೋವಿ ಆನೆ ಹೊಡೆಯುವ ಕೋವಿಯಾಗಿಯೇ ಉಳಿಯಿತು, ನಂಬರ್ ಮಾತ್ರ ಬದಲಾಯಿತು. .315 ಕೂಡ ಇದೇ ವಂಶದ್ದು. ಕೋವಿಯ ಯಂತ್ರ .303ರ ಲೀ-ಎನ್‌ಫೀಲ್ಡ್ ಮಾದರಿಯದ್ದೇ, ತೋಟೆ ಮಾತ್ರ ಆಸ್ಟ್ರಿಯಾ ಕಡೆಯದ್ದು.

‘ಇರಲಿ ಮಾರಾಯ್ರೆ, ಸೈನ್ಯದ ತೋಟೆ ಕದ್ದರೂ ಬೇರೆಯವರ ಕೋವಿಗೆ ಹೊಂದಬಾರದು, ಅದಕ್ಕೇ ಈ ನಿಯಮ’ ಅಂತ ನೀವು ಹೇಳಬಹುದು. ಕೇಳೋಕೆ ಸರಿಯಾಗಿದೆ. ಆದರೆ ಹಿತ್ತಾಳೆಗೆ ಈ ವಾದ ಗೊತ್ತಿಲ್ಲ.

ತೋಟೆಯ ಕೇಸು 70 ಭಾಗ ತಾಮ್ರ, 30 ಭಾಗ ಸತುವಿನ ಹಿತ್ತಾಳೆ. ಪಾತ್ರೆ ಬಡಿಯುವವರನ್ನು ಕೇಳಿ, ಈ ಲೋಹದ ಗುಣ ಹೇಳುತ್ತಾರೆ: ಬಡಿದಷ್ಟೂ ಗಡುಸಾಗುತ್ತೆ, ಹದವಾಗಿ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತೆ. ಇದೇ ಗುಣದಿಂದ ಒಂದು ತೋಟೆಯ ಕೇಸನ್ನು ಡೈಗೆ ಒತ್ತಿ ಇನ್ನೊಂದು ತೋಟೆಯ ಕೇಸಾಗಿ ಮಾಡಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆಗಿದ್ದು ಅದೇ. ಅಲ್ಲಿ ಸೈನ್ಯದ ಬೋರ್‌ಗೆ ಕಡಿವಾಣ ಹಾಕಿದರು. ಬೇಟೆಗಾರರು ಹಳೇ ಲೀ-ಎನ್‌ಫೀಲ್ಡಿಗೆ ಕಿರಿದಾದ ನಳಿಗೆ ಹಾಕಿಸಿ, .303 ಕೇಸಿನ ಕುತ್ತಿಗೆಯನ್ನು .25ಕ್ಕೆ ಇಳಿಸಿದರು. ಅದೇ ಪ್ರಸಿದ್ಧ .303/25. ಅಂದರೆ ಯಾವ ಸೈನ್ಯದ ತೋಟೆ ಜನರ ಕೋವಿಗೆ ಸೇರಬಾರದು ಅಂದರೋ, ಅದರ ಕೇಸೇ ಕಚ್ಚಾ ಮಾಲಾಯಿತು!

ಇಲ್ಲಿ ನಗೋದು ನಿಲ್ಲಿಸಿ. ಕುತ್ತಿಗೆ ಕಿರಿದಾದಾಗ ಅಲ್ಲಿನ ಹಿತ್ತಾಳೆ ದಪ್ಪವಾಗುತ್ತೆ. ಅದನ್ನು ಅಳೆದು ಸವರದೆ ಬಿಟ್ಟರೆ, ಹಾರಿಸಿದಾಗ ಗುಂಡನ್ನು ಬಿಡೋಕೆ ಕುತ್ತಿಗೆಗೆ ಜಾಗ ಇರಲ್ಲ, ಒತ್ತಡ ಏರುತ್ತೆ. ಕುತ್ತಿಗೆ ಮೆತ್ತಗಾಗಲಿ ಅಂತ ಕಾಯಿಸುವಾಗ ಬಿಸಿ ಬುಡದವರೆಗೂ ಹೋದರೆ, ಒತ್ತಡ ತಡೆಯಬೇಕಾದ ಬುಡವೇ ಸೋಲುತ್ತೆ. ಎಲ್ಲಕ್ಕಿಂತ ಕೆಟ್ಟದ್ದು, ಬುಡದ ಮೇಲಿನ ಅಚ್ಚು ಹಾಗೇ ಉಳಿಯುತ್ತೆ. ಬುಡ ನೋಡಿದರೆ .303, ಬಾಯಿ ನೋಡಿದರೆ ಬೇರೆ. ಮಾಡಿದವನಿಗೆ ಗೊತ್ತು. ಅವನು ಸತ್ತ ಮೇಲೆ ಡಬ್ಬಿ ತೆಗೆಯುವ ಮಗನಿಗೆ? ತಪ್ಪು ತೋಟೆ ತಪ್ಪು ಕೋವಿಗೆ ಹೋದರೆ ಕಳೆದುಕೊಳ್ಳೋದು ಕಣ್ಣನ್ನೋ ಬೆರಳನ್ನೋ. ಜನರನ್ನು ಕಾಪಾಡೋಕೆ ಬಂದ ನಿಯಮ, ಸುಳ್ಳು ಹೇಳುವ ತೋಟೆಗಳು ಹುಟ್ಟೋಕೆ ಕಾರಣವಾಯಿತು.

ಇದು ಹೇಗಿದೆ ಅಂದರೆ, ಕಾರ್ಡ್ ಸ್ವೈಪ್ ಮಾಡಿ 9 ಗಂಟೆ ಸೀಟಲ್ಲಿ ಕೂತರೆ ಕೆಲಸ ಆಯ್ತು ಅಂತ ನಂಬುವ ಎಚ್‌ಆರ್ ಥರ. ಅಳೆಯೋಕೆ ಸುಲಭ ಇರೋದನ್ನು ಅಳೆಯೋದು, ಅಳೆಯಬೇಕಾದ್ದನ್ನು ಮರೆಯೋದು.

ಹಾಗಾದರೆ ಎಲ್ಲರಿಗೂ ಕೋವಿ ಹಂಚಬೇಕಾ? ಖಂಡಿತ ಬೇಡ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹಾರ್ನ್ ಸಾಲದು ಅಂತ ಕಾರಿಂದ ಇಳಿದು ಕೈ ಎತ್ತುವವರನ್ನು ನಾನೂ ದಿನಾ ನೋಡ್ತೀನಿ. ನನ್ನ ತಕರಾರು ಬೇರೆ. ಆಯುಧ ಕಾಯ್ದೆ ಬಂದಿದ್ದು 1959ರಲ್ಲಿ, ನಿಯಮಗಳನ್ನು ಹೊಸದಾಗಿ ಬರೆದಿದ್ದು 2016ರಲ್ಲಿ. ಆದರೂ ದಂಗೆಗೆ ಹೆದರಿದ ಆ ಕಾಲದ ಅಳತೆಪಟ್ಟಿಯ ನೆರಳು ನಮ್ಮ ಮೇಲಿದೆ.

ಇದೇ ಕಾನೂನಿನ ಒಳಗೆ ಕೊಡಗಿನ ಉದಾಹರಣೆಯೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಹುಟ್ಟು ನೋಡಿ ವಿನಾಯಿತಿ ಕೊಡೋದು ಸರಿಯೇ ಅನ್ನೋದು ಬೇರೆ ಜಗಳ. ಆದರೆ ಅಲ್ಲಿ ಸರ್ಕಾರ ಕನಿಷ್ಠ ಕೋವಿಯ ಹಿಂದಿರುವ ಮನುಷ್ಯನ ಕಡೆ ಒಮ್ಮೆ ತಿರುಗಿ ನೋಡಿದೆ.

ಎಲ್ಲ ಕಡೆ ಅದನ್ನೇ ಇನ್ನೂ ಗಟ್ಟಿಯಾಗಿ ಮಾಡಲಿ. ಈತನಿಗೆ ತರಬೇತಿ ಆಗಿದೆಯಾ? ತಲೆ ನೆಟ್ಟಗಿದೆಯಾ? ಮನೆಯಲ್ಲಿ ಹೆಂಡತಿಗೆ ಹೊಡೀತಾನಾ? ಕೋವಿ ಇಡುವ ಬೀರುವಿಗೆ ಬೀಗ ಇದೆಯಾ, ಕೀಲಿ ಮಕ್ಕಳ ಕೈಗೆ ಸಿಗುತ್ತಾ? ಇವನ್ನು ಒಂದು ಸಲ ಅಲ್ಲ, ಲೈಸೆನ್ಸ್ ನವೀಕರಿಸುವಾಗೆಲ್ಲ, ಮನೆಗೇ ಹೋಗಿ ಕೇಳಲಿ. ಕಷ್ಟದ ಕೆಲಸ, ಒಪ್ತೀನಿ. ನಂಬರ್ ನೋಡಿ ಸೀಲ್ ಹೊಡೆಯೋದು ಸುಲಭ. ಆದರೆ ಹಿತ್ತಾಳೆಗೆ ಒಂದು ಡೈ ಸಾಕು, ಹೊಸ ನಂಬರ್ ಬರುತ್ತೆ. ಮನುಷ್ಯನಿಗೆ ಅಂಥ ಡೈ ಇಲ್ಲ. ಪರೀಕ್ಷೆ ಮಾಡಬೇಕಾದ್ದು ಅವನನ್ನು.