ಎಷ್ಟು ಸಲ ನೋಡಿದ್ದೀಯೋ?

ಅರಸೀಕೆರೆ ಕಡೆಯ ನೆಂಟರ ಮನೆಯಲ್ಲಿ ಮದುವೆ. ಹಿಂದಿನ ರಾತ್ರಿ ಚಪ್ಪರದಡಿ ಜಮಖಾನ ಹಾಸಿಕೊಂಡು ಹತ್ತು ಹನ್ನೆರಡು ಜನ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆವು. ರಾಜಕೀಯ ಮುಗಿಯಿತು, ಚಿನ್ನದ ರೇಟು ಮುಗಿಯಿತು. ಮಾತು ತೂಕಡಿಸತೊಡಗಿದಾಗ ಅಣ್ಣನ ಮಗಳು, "ಎಲ್ಲರೂ ಒಂದೊಂದು ಸಿನಿಮಾ ಹೇಳ್ಬೇಕು. ಒಂದೇ ಒಂದು. ನಿಮ್ಮ ಫೇವರಿಟ್ಟು" ಎಂದಳು. ದೊಡ್ಡಪ್ಪ ಕತ್ತೆತ್ತದೆ "ಬಂಗಾರದ ಮನುಷ್ಯ" ಅಂದರು, ಇದನ್ನೂ ಕೇಳಬೇಕೇ ಎನ್ನುವ ಹಾಗೆ. ಅವಳು ತನ್ನದು 'ತಿಥಿ' ಅಂದಳು. ನನ್ನ ಸರದಿ ಬಂದಾಗ ನಾನು 'ಘಟಶ್ರಾದ್ಧ' ಅಂದೆ.

ಅದು ಸುಳ್ಳು. 1977ರ 'ಘಟಶ್ರಾದ್ಧ' ಗಿರೀಶ ಕಾಸರವಳ್ಳಿಯವರ ಮೊದಲ ಸಿನಿಮಾ, ಸ್ವರ್ಣಕಮಲ ಪಡೆದದ್ದು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ಕಂಡು ನನ್ನ ಗಂಟಲು ಕಟ್ಟಿದ್ದೂ ನಿಜ. ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಸಿನಿಮಾ ಯಾವುದೆಂದು ಕೇಳಿದ್ದರೆ ನನ್ನ ಉತ್ತರ ಸುಳ್ಳಾಗುತ್ತಿರಲಿಲ್ಲ. ಅವಳು ಕೇಳಿದ್ದು ಅದನ್ನಲ್ಲ. ಅವಳು ಕೇಳಿದ್ದಕ್ಕೆ ನಿಜವಾದ ಉತ್ತರ 'ಸಂಪತ್ತಿಗೆ ಸವಾಲ್'. 1974ರದು, ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಸಿನಿಮಾ. ಹೇಳಲು ನಾಚಿಕೆಯಾಯಿತು.

ಈ ನಾಚಿಕೆ ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಊಟದಲ್ಲಿ ಏನು ಇಷ್ಟವೆಂದು ಕೇಳಿದರೆ ಯಾರೂ ಸುಳ್ಳು ಹೇಳುವುದಿಲ್ಲ. ಉಪ್ಪುಸಾರು ಅಂದವನನ್ನು ಯಾಕೆ ಅಂತ ಯಾರೂ ಕೇಳುವುದೂ ಇಲ್ಲ. ಸಿನಿಮಾದಲ್ಲಿ ಮಾತ್ರ ಇಷ್ಟ ಹೇಳುವುದೆಂದರೆ ಅರ್ಧ ಜಾತಕ ಬಿಚ್ಚಿಟ್ಟ ಹಾಗೆ. ಅದರಲ್ಲೂ ನಮ್ಮಲ್ಲಿ ಸಿನಿಮಾ ಹೆಸರಿಸುವುದೆಂದರೆ ಪಕ್ಷ ಹೆಸರಿಸಿದಂತೆ: ಅಣ್ಣಾವ್ರ ಕಡೆಯೋ ವಿಷ್ಣು ಕಡೆಯೋ, ಕಲಾತ್ಮಕವೋ ಕಮರ್ಷಿಯಲ್ಲೋ. ನಾಲ್ಕು ಪುಸ್ತಕ ಓದಿದ ನನ್ನಂಥವನು ಎಮ್ಮೆ ಹಾಡಿನ ಕಡೆ ನಿಲ್ಲುವುದು ಹೇಗೆ?

ಕನ್ನಡದಲ್ಲಿ ಇಷ್ಟ ಬೇರೆ, ಮೆಚ್ಚು ಬೇರೆ. ಮೆಚ್ಚುವುದರಲ್ಲಿ ಒಂದು ತೂಗಿ ನೋಡುವಿಕೆ ಇದೆ. ಊರು ಮೆಚ್ಚಬೇಕು, ನಾಲ್ಕು ಜನ ಮೆಚ್ಚಬೇಕು ಎನ್ನುತ್ತೇವೆ. ಇಷ್ಟಕ್ಕೆ ಆ ಲೆಕ್ಕ ಕೊಡಬೇಕಿಲ್ಲ. ಇಷ್ಟದೈವ ಅನ್ನುತ್ತೇವಲ್ಲ, ಆ ದೇವರು ಉಳಿದ ದೇವರಿಗಿಂತ ದೊಡ್ಡವನೆಂದು ಯಾರೂ ಸಾಬೀತು ಮಾಡಲು ಹೋಗುವುದಿಲ್ಲ. ಮನೆದೇವರಂತೂ ನಾವು ಆರಿಸಿಕೊಂಡದ್ದೇ ಅಲ್ಲ. ನಮ್ಮ ಅನೇಕ ಮನೆಗಳಲ್ಲಿ 'ಬಂಗಾರದ ಮನುಷ್ಯ' ಮನೆದೇವರೇ. ಮೆಚ್ಚಿದ್ದೇ ಇಷ್ಟದ್ದು ಎಂಬಂತೆ ನಾನು ಉತ್ತರಿಸಿದೆ. ದೊಡ್ಡಪ್ಪ ಇಷ್ಟದ್ದೇ ಎಲ್ಲರೂ ಮೆಚ್ಚಬೇಕಾದ್ದು ಎಂಬಂತೆ ಉತ್ತರಿಸಿದರು. ಸಿನಿಮಾ ಜಗಳಗಳೆಲ್ಲ ಬಹುಪಾಲು ಈ ಎರಡು ತಪ್ಪುಗಳ ನಡುವೆಯೇ ನಡೆಯುತ್ತವೆ.

ದೊಡ್ಡವರೂ ಈ ಗೊಂದಲದಿಂದ ಪಾರಾಗಿಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. ಮೊದಲ ಸಲ ಗೆದ್ದದ್ದು ಆಗಿನ್ನೂ ನಾಲ್ಕು ವರ್ಷದ ಕೂಸಾಗಿದ್ದ 'ಬೈಸಿಕಲ್ ಥೀವ್ಸ್'. ಆ ವರ್ಷ ಮೊದಲ ಹತ್ತರಲ್ಲೂ ಇಲ್ಲದ 'ಸಿಟಿಜನ್ ಕೇನ್' 1962ರಿಂದ 2002ರವರೆಗೆ ಐದು ಸಲ ಸಿಂಹಾಸನ ಬಿಡಲಿಲ್ಲ. 2012ರಲ್ಲಿ 'ವರ್ಟಿಗೋ' ಅದನ್ನು ಇಳಿಸಿತು. 2022ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಶಂತಾಲ್ ಆಕರ್ಮನ್ ಎಂಬಾಕೆಯ 1975ರ 'ಜೀನ್ ಡೀಲ್‌ಮನ್': ಮೂರು ಗಂಟೆಗೂ ಮೀರಿದ ಸಿನಿಮಾ, ಒಬ್ಬ ಗೃಹಿಣಿ ಆಲೂಗೆಡ್ಡೆ ಸುಲಿಯುವುದನ್ನು ಕ್ಯಾಮರಾ ಕದಲದೆ ನೋಡುತ್ತದೆ. ಹತ್ತು ವರ್ಷದ ಹಿಂದೆ ಅದು ಮೂವತ್ತರ ಆಚೆ ಎಲ್ಲೋ ಇತ್ತು. ಈ ನಡುವೆ ಅದರ ಒಂದು ಫ್ರೇಮೂ ಬದಲಾಗಿಲ್ಲ. ಮತ ಹಾಕಿದವರು ಮಾತ್ರ 846 ಇದ್ದವರು 1,639 ಆಗಿದ್ದರು. ಆ ಪತ್ರಿಕೆ ಕಳಿಸುವ ಆಹ್ವಾನವೂ ಸೊಗಸಾಗಿದೆ. ಶ್ರೇಷ್ಠ ಎಂದರೇನೆಂದು ನೀವೇ ತೀರ್ಮಾನಿಸಿ, ಚರಿತ್ರೆಗೆ ಮುಖ್ಯವಾದವನ್ನು ಬೇಕಾದರೆ ಆರಿಸಿ, ಸಿನಿಮಾವನ್ನು ನೀವು ನೋಡುವ ರೀತಿಯನ್ನೇ ಬದಲಿಸಿದವನ್ನು ಬೇಕಾದರೆ ಆರಿಸಿ ಎನ್ನುತ್ತದೆ. ಅಂದರೆ ಅಲ್ಲೂ ಇಷ್ಟ, ಮೆಚ್ಚುಗೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತಾರೆ. ಲಂಡನ್ನಿನಲ್ಲಾಗುವುದು ಚಪ್ಪರದಡಿ ಆಗಬಾರದೇ?

ನನ್ನ ಇಷ್ಟದ ಕಥೆ ಹೇಳಿಬಿಡುತ್ತೇನೆ. ನಾನು 'ಸಂಪತ್ತಿಗೆ ಸವಾಲ್' ನೋಡಿದ್ದು ಅದು ಬಂದು ಎಂಟೋ ಒಂಬತ್ತೋ ವರ್ಷದ ಮೇಲೆ, ನಮ್ಮೂರ ಹೊರಗಿನ ಟೆಂಟಿನಲ್ಲಿ. ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಬಂತೆಂದರೆ ಆಟ ಶುರುವಾಗುತ್ತದೆಂದು ಅರ್ಥ. ಅದು ಕೇಳಿದ ಮೇಲೆ ಅರ್ಧ ಮೈಲಿ ಓಡಿದರೂ ಟೈಟಲ್ ಸಿಗುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಊರಿನ ಮುಂದೆ ನಕ್ಕರೆ ಹುಡುಗರು ಹೆದರುವುದಿಲ್ಲ ಎಂದು ನಂಬಿದ್ದವರು. ಬೆಂಚಿನಲ್ಲಿ ಜಾಗವಿಲ್ಲದೆ ನಾವು ನೆಲಕ್ಕೆ ಕೂತೆವು. ಮುಂದಿನವರ ತಲೆ ಅಡ್ಡ ಬಂತು. ಅಪ್ಪ ಎರಡೂ ಕೈಯಲ್ಲಿ ಮರಳು ಬಾಚಿ ಗುಡ್ಡೆ ಮಾಡಿ ನನ್ನನ್ನು ಅದರ ಮೇಲೆ ಕೂರಿಸಿದರು. ಹಿಂದಿನವರು ಬೈದರು. ಮೇಷ್ಟ್ರು ಕೇಳಿಸದವರಂತೆ ಕೂತರು. ಎಮ್ಮೆ ಹಾಡಿನ ನಡುವೆ ರೀಲು ಕಟ್ಟಾಯಿತು. ಕತ್ತಲಲ್ಲಿ ಇಡೀ ಟೆಂಟು ಸಿಳ್ಳೆ ಹಾಕಿತು. ಅದರಲ್ಲೊಂದು ಸಿಳ್ಳೆ ನನ್ನ ಪಕ್ಕದಿಂದಲೇ ಬಂತು.

ಅಷ್ಟೇ. ನನ್ನ ಅಚ್ಚುಮೆಚ್ಚಿನ ಸಿನಿಮಾ ಎಂದರೆ ಆ ಸಿಳ್ಳೆ.

ಹತ್ತು-ಹನ್ನೊಂದನೆಯ ಶತಮಾನದ ಅಭಿನವಗುಪ್ತ ಇದನ್ನು ಕೇಳಿದ್ದರೆ ನನ್ನನ್ನು ಸಹೃದಯರ ಸಾಲಿನಿಂದ ಎಬ್ಬಿಸಿ ಕಳಿಸುತ್ತಿದ್ದ. ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅದರಲ್ಲೊಂದು, ನೋಡುಗ ತನ್ನ ಸ್ವಂತ ಸುಖದುಃಖಕ್ಕೆ ವಶನಾಗಿಬಿಡುವುದು. ಮಗನ ಕಾಯಿಲೆಯ ಚಿಂತೆಯಲ್ಲಿ ಕೂತವನಿಗೆ ರಂಗದ ಮೇಲಿನ ಶೋಕ ರಸವಾಗಿ ಸಿಗುವುದಾದರೂ ಹೇಗೆ? ಆ ಲೆಕ್ಕದಲ್ಲಿ ನನ್ನ ಇಷ್ಟವೆಂಬುದೇ ಒಂದು ವಿಘ್ನ. ನಾನು ಮೆಲುಕು ಹಾಕುತ್ತಿರುವುದು ಸಿನಿಮಾವನ್ನಲ್ಲ, ಅಪ್ಪನನ್ನು. ಆದರೆ ಅದೇ ಅಭಿನವಗುಪ್ತ ಆ ವಿಘ್ನಕ್ಕೆ ಮದ್ದನ್ನೂ ಹೇಳಿದ್ದಾನೆ: ಗೀತ, ವಾದ್ಯ, ಅಲಂಕರಿಸಿದ ಮಂಟಪ. ಮನೆಯ ಚಿಂತೆ ಹೊತ್ತು ಬಂದವನನ್ನು ಇವು ಬೇರೊಂದು ಲೋಕಕ್ಕೆ ಒಯ್ಯುತ್ತವೆ. ನಮ್ಮ ಟೆಂಟಿನ ವೆಂಕಟೇಶನ ಹಾಡು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ ಎಂದು ನಾನು ಅವನನ್ನು ಕೇಳಬಹುದಿತ್ತು. ಮೇಷ್ಟ್ರುಗಿರಿಯನ್ನು ಟೆಂಟಿನ ಬಾಗಿಲಲ್ಲೇ ಬಿಟ್ಟು ಸಿಳ್ಳೆ ಹಾಕಿದ ಅಪ್ಪ ಆ ರಾತ್ರಿಯ ಸಹೃದಯ. ಅವರನ್ನೇ ನೋಡುತ್ತಾ ಕೂತ ನಾನು ಅಲ್ಲ.

ಹಾಗಾದರೆ ಇಷ್ಟಗಳನ್ನು ಹೋಲಿಸುವುದೇ ವ್ಯರ್ಥವೇ? ಅವರವರ ರುಚಿ ಅವರವರಿಗೆ ಎಂದು ಎದ್ದು ಹೋಗಬಹುದು. ಬಹಳ ಜನ ಹಾಗೆಯೇ ಹೋಗುತ್ತಾರೆ. ಅದು ಉದಾರತೆಯಂತೆ ಕಾಣುತ್ತದೆ, ನನಗೆ ಮಾತ್ರ ಸೋಮಾರಿತನ ಅನ್ನಿಸುತ್ತದೆ. ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಬಗ್ಗೆ ಬರೆದ ಪ್ರಬಂಧದಲ್ಲಿ 'ಡಾನ್ ಕ್ವಿಕ್ಸೋಟ್'ನ ಒಂದು ಕಥೆ ತರುತ್ತಾನೆ. ಸಾಂಚೋ ಪಾಂಜನ ಇಬ್ಬರು ನೆಂಟರಿಗೆ ಪೀಪಾಯಿಯ ದ್ರಾಕ್ಷಾರಸ ರುಚಿ ನೋಡಲು ಕೊಟ್ಟರಂತೆ. ಒಬ್ಬ ಒಳ್ಳೆಯದೇ, ಸ್ವಲ್ಪ ಚರ್ಮದ ವಾಸನೆ ಅಂದ. ಇನ್ನೊಬ್ಬ ಒಳ್ಳೆಯದೇ, ಸ್ವಲ್ಪ ಕಬ್ಬಿಣದ ರುಚಿ ಅಂದ. ಸುತ್ತ ಇದ್ದವರು ನಕ್ಕರು. ಪೀಪಾಯಿ ಖಾಲಿಯಾದಾಗ ತಳದಲ್ಲಿ ಒಂದು ಹಳೇ ಬೀಗದ ಕೈ ಸಿಕ್ಕಿತು, ಅದಕ್ಕೊಂದು ಚರ್ಮದ ದಾರ ಕಟ್ಟಿತ್ತು.

ಈ ಕಥೆಯಲ್ಲಿ ನನಗೆ ಹಿಡಿಸುವುದು ಇಬ್ಬರೂ ಗೆದ್ದರು ಎಂಬುದಲ್ಲ. ಇಬ್ಬರೂ "ಚೆನ್ನಾಗಿದೆ" ಎಂಬಲ್ಲಿಗೇ ನಿಲ್ಲಲಿಲ್ಲ ಎಂಬುದು. ಚೆನ್ನಾಗಿದೆ ಎನ್ನುವುದನ್ನು ಪರೀಕ್ಷಿಸಲಾಗದು. ಚರ್ಮದ ವಾಸನೆ ಇದೆ ಎನ್ನುವುದನ್ನು ಪರೀಕ್ಷಿಸಬಹುದು. ಇಷ್ಟಕ್ಕೆ ಕಾರಣ ಕೊಡತೊಡಗಿದ ಕೂಡಲೇ ಮಾತು ನಮ್ಮ ಎದೆಯಿಂದ ತೆರೆಯ ಮೇಲಕ್ಕೆ ಹೋಗುತ್ತದೆ. ಅಲ್ಲಿ ನೋಡು, ಆ ಶಾಟ್ ನೋಡು, ಅವಳು ಬಾಗಿಲಲ್ಲಿ ನಿಲ್ಲುವ ರೀತಿ ನೋಡು ಎನ್ನಬೇಕಾಗುತ್ತದೆ. ಹಾಗೆ ತೋರಿಸುವುದನ್ನು ಕಲಿಸಬಹುದೆಂದು ನಂಬಿಯೇ ಕೆ.ವಿ. ಸುಬ್ಬಣ್ಣ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದ್ದು, ಪುಣೆಯ ಸತೀಶ್ ಬಹಾದೂರರನ್ನು ಕರೆಸಿ ಸಿನಿಮಾ ನೋಡುವ ಶಿಬಿರ ನಡೆಸಿದ್ದು. ಅಡಿಕೆ ಬೆಳೆಯುವವರ ಊರಿನಲ್ಲಿ ಸಿನಿಮಾ ಓದಲು ಕಲಿಸುತ್ತೇನೆಂದರೆ ನಕ್ಕವರೂ ಇದ್ದಿರಬೇಕು.

ಚಪ್ಪರಕ್ಕೆ ವಾಪಸ್ ಬರೋಣ. ದೊಡ್ಡಪ್ಪ 'ಬಂಗಾರದ ಮನುಷ್ಯ'ಕ್ಕೆ ಕೊಟ್ಟ ಕಾರಣಗಳು ಎಲ್ಲರಿಗೂ ಬಾಯಿಪಾಠ. 1972ರಲ್ಲಿ ಬಂದದ್ದು, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದು, ಅದನ್ನು ನೋಡಿ ಪೇಟೆಯ ಕೆಲಸ ಬಿಟ್ಟು ಎಷ್ಟೋ ಜನ ಬೇಸಾಯಕ್ಕೆ ಊರಿಗೆ ಮರಳಿದ್ದು. "ಯಾವ ಸಿನಿಮಾ ನೋಡಿ ಜನ ನೇಗಿಲು ಹಿಡಿದಿದ್ದಾರೆ, ಹೇಳು ನೋಡಣ?"

ಅಣ್ಣನ ಮಗಳು ಮುಗ್ಧವಾಗಿಯೇ ಕೇಳಿದಳು. "ನೀವು ಹೋದ್ರಾ ತಾತ?"

ದೊಡ್ಡಪ್ಪ ಆಗ ಬೆಂಗಳೂರಿನ ಒಂದು ಮಿಲ್ಲಿನಲ್ಲಿದ್ದರು, ಮೂವತ್ತು ವರ್ಷ ಅಲ್ಲೇ ದುಡಿದರು. ಊರಿನ ಎರಡೆಕರೆ ಹೊಲ ಗುತ್ತಿಗೆಗೆ ಹೋಯಿತು, ಕೊನೆಗೆ ಮಾರಾಟಕ್ಕೂ ಹೋಯಿತು. ಇದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಆದರೆ ಈ ಸಂಗತಿಯನ್ನೂ ಆ ಸಿನಿಮಾವನ್ನೂ ಒಟ್ಟಿಗೆ ಇಟ್ಟು ನೋಡಿದ್ದು ನಾನು ಅವತ್ತೇ ಮೊದಲು. "ಇಲ್ಲ ಕಣವ್ವ" ಅಂದು ಅವರು ಇನ್ನೊಂದು ಹಿಡಿ ಹುರುಳಿಕಾಯಿ ಎಳೆದುಕೊಂಡರು. ಐವತ್ತು ವರ್ಷದಿಂದ ಅವರು ಆ ಸಿನಿಮಾಕ್ಕಾಗಿ ಅಷ್ಟು ಜೋರಾಗಿ ಜಗಳವಾಡುತ್ತಿದ್ದದ್ದು ಯಾಕೆಂದು ಹೊಳೆಯಿತು. ಒಬ್ಬನ ಅಚ್ಚುಮೆಚ್ಚಿನ ಸಿನಿಮಾದಲ್ಲಿ ಅವನು ಬದುಕಿದ ಬದುಕೇ ಇರಬೇಕೆಂದಿಲ್ಲ. ಬದುಕದೆ ಬಿಟ್ಟದ್ದೂ ಇರಬಹುದು. ಇದು ಸಿನಿಮಾದ ಗುಣವಿಮರ್ಶೆಗೆ ಯಾವ ಸಹಾಯವನ್ನೂ ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಪಕ್ಕದಲ್ಲಿ ಕೂತು ಕಾಯಿ ಹೆಚ್ಚುವವನ ವಿಷಯ ತಿಳಿಯಲು ಇದಕ್ಕಿಂತ ಅಗ್ಗದ ದಾರಿಯನ್ನು ನಾನು ಕಂಡಿಲ್ಲ.

ಬೆಳಿಗ್ಗೆ ಬಚ್ಚಲ ಮನೆಯ ಮುಂದೆ ಬಿಸಿನೀರಿಗೆ ಕಾಯುವಾಗ ದೊಡ್ಡಪ್ಪ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನಿಜ ಹೇಳು, ಆ ಘಟಶ್ರಾದ್ಧ ಎಷ್ಟು ಸಲ ನೋಡಿದ್ದೀಯೋ?"

"ಎರಡು ಸಲ."

"ಎಮ್ಮೆ ಹಾಡಿಂದು?"

ನನ್ನ ಹತ್ತಿರ ಲೆಕ್ಕವಿರಲಿಲ್ಲ. ಅವರು ನಕ್ಕು ಚೊಂಬು ತೆಗೆದುಕೊಂಡು ಒಳಗೆ ಹೋದರು.

ಅಲ್ಲಿಗೆ ಅಣ್ಣನ ಮಗಳಿಗೂ ನಿಜ ಹೇಳಬೇಕಾಯಿತು. ಅವಳು ವಾರದೊಳಗೆ ನೋಡಿ ಫೋನ್ ಮಾಡಿದಳು. ಬಿಡುವ ಹುಡುಗಿಯಲ್ಲ. "ಚಿಕ್ಕಪ್ಪ, ಸಾಹುಕಾರನ ಮಗಳ ಸೊಕ್ಕು ಇಳಿಸೋದೇ ಒಂದು ಕಥೇನಾ? ಹುಡುಗನಿಗೆ ಅದೇ ಸೊಕ್ಕಿದ್ರೆ ಸ್ವಾಭಿಮಾನ ಅಂತಿದ್ರಿ." ಅಪ್ಪನ ಸಿಳ್ಳೆಯನ್ನು ಗುರಾಣಿಯಾಗಿ ಹಿಡಿಯೋಣವೆನ್ನಿಸಿತು. ಹಿಡಿಯಲಿಲ್ಲ, ಅವಳು ಹೇಳಿದ್ದು ತೆರೆಯ ಮೇಲೆ ಇರುವುದನ್ನೇ. ಮತ್ತೆ ಕೂತು ನೋಡಿದೆ. ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕದಿಂದ ಬಂದ ಕಥೆ, ನಾಟಕದ ಜೋರು ಮಾತು ಹಾಗೇ ಉಳಿದಿದೆ. ಹೆಣ್ಣಿನ ಬಗ್ಗೆ ಅದರ ತೀರ್ಪು ಇವತ್ತಿಗೆ ನುಂಗಲಾರದ್ದು. ಜೊತೆಗೆ ಎಷ್ಟೋ ಸಲ ನೋಡಿಯೂ ಕಾಣದಿದ್ದ ಇನ್ನೊಂದು ಕಂಡಿತು. ಸಾಹುಕಾರನ ಮಗಳಾಗಿ ಮಂಜುಳಾ ಕಣ್ಣು ಅರಳಿಸಿ ಬೈಯುತ್ತಾ ನಿಂತರೆ ತೆರೆಯಲ್ಲಿ ಬೇರೆ ಯಾರೂ ಇಲ್ಲ, ರಾಜಕುಮಾರರೂ ಇಲ್ಲ. ಕಥೆ ಆ ಪಾತ್ರವನ್ನು ಬಗ್ಗಿಸಲು ಹೊರಟಿದೆ, ನಟಿ ಬಗ್ಗಲು ಒಪ್ಪಿಲ್ಲ. ಎಮ್ಮೆ ಹಾಡನ್ನೂ ಈ ಸಲ ಕಿವಿಗೊಟ್ಟು ಕೇಳಿದೆ. ಅಲ್ಲಿಯವರೆಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ಕಂಠದಲ್ಲಿ ಹಾಡುತ್ತಿದ್ದ ನಟ ತನ್ನದೇ ದನಿಯಲ್ಲಿ ಹಾಡಿ, ಆಮೇಲೆ ತನ್ನ ಹಾಡುಗಳನ್ನು ತಾನೇ ಹಾಡಿಕೊಳ್ಳುವ ಹಾಗಾದದ್ದು ಇಲ್ಲಿಂದ. ಮಾತಾಡುವವನ ದನಿಯೇ ಸಲೀಸಾಗಿ ಹಾಡಿಗೆ ಜಾರುತ್ತದೆ. ಟೆಂಟಿನವರು ರೀಲು ಕಟ್ಟಾದದ್ದಕ್ಕೆ ಅಷ್ಟು ಕೂಗಾಡಿದ್ದು ಸುಮ್ಮನೆ ಅಲ್ಲ. ಅಪ್ಪನ ಸಿಳ್ಳೆಗೆ ಕಾರಣ ತೆರೆಯ ಮೇಲೇ ಇತ್ತು, ನಾನು ನಲವತ್ತು ವರ್ಷ ಅದನ್ನು ನನ್ನ ಪಕ್ಕದಲ್ಲಿ ಹುಡುಕಿದ್ದೆ.

ಅಣ್ಣನ ಮಗಳು ದೊಡ್ಡಪ್ಪನನ್ನೂ ಬಿಡಲಿಲ್ಲ. ಅವರ ಮನೆಗೆ ಹೋಗಿ ಟೀವಿಗೆ ಫೋನ್ ಜೋಡಿಸಿ 'ತಿಥಿ' ತೋರಿಸಿದಳು. ಮದುವೆಯ ಹಿಂದಿನ ರಾತ್ರಿ ಅವರು, "ನಮ್ಮೂರ ಮುದುಕ ಓಡಾಡೋದನ್ನ ಕಾಸು ಕೊಟ್ಟು ನೋಡ್ಬೇಕಾ?" ಎಂದು ಅದನ್ನು ತಳ್ಳಿಹಾಕಿದ್ದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಪಾತ್ರ ಮಾಡಿಸಿ ರಾಮ್ ರೆಡ್ಡಿ ತೆಗೆದ ಆ ಸಿನಿಮಾಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂದದ್ದನ್ನು ಅವಳು ಹೇಳಿದರೆ, "ಅವರಿಗೇನು ಗೊತ್ತು" ಅಂದರಂತೆ. ನಾನು ಫೋನ್ ಮಾಡಿ ಹೇಗಿತ್ತೆಂದು ಕೇಳಿದೆ.

"ಕಥೆ ಏನಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಗಡ್ಡಪ್ಪ ನಡೀತಾನಲ್ಲ, ಅದು ಸುಳ್ಳಲ್ಲ. ಬದುವಿನ ಮೇಲೆ ನಡೆದೂ ನಡೆದೂ ಕಾಲು ಹಂಗಾಗುತ್ತೆ. ನಮ್ಮಪ್ಪ ಹಂಗೇ ನಡೀತಿದ್ದ. ರಾಜಕುಮಾರ್ ಹಂಗೆ ನಡೀಲಿಲ್ಲ."

ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ನಾನು ಏನಾದರೂ ಹೇಳುವುದರೊಳಗೆ ಅವರೇ ಮುಂದುವರಿಸಿದರು.

"ಆದ್ರೂ ಬಂಗಾರದ ಮನುಷ್ಯ ಬಂಗಾರದ ಮನುಷ್ಯಾನೇ. ಫೋನ್ ಇಡ್ತೀನಿ, ಕಾಫಿ ಆರ್ತಾ ಇದೆ."