ಅಟ್ಟದ ಕಾಯಿ, ಫಲಕದ ಚೀಟಿ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದವರಿಗೆ ದಾರಿ ತಪ್ಪುವ ಭಯವಿಲ್ಲ. ಪೂರ್ವಕ್ಕೆ ಹೋದರೆ ತುಮಕೂರು, ಪಶ್ಚಿಮಕ್ಕೆ ತಿಪಟೂರು, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ. ದಾರಿಫಲಕ ಎಂದರೆ ಊರಿನ ಹೆಸರು, ಬಾಣದ ಗುರುತು, ಕಿಲೋಮೀಟರು, ಇಷ್ಟೇ. ಓಡುವ ಬಸ್ಸಿನ ಕಿಟಕಿಯಿಂದಲೂ ಓದಿಕೊಳ್ಳಬಹುದು. ಹೋದ ತಿಂಗಳು ಡಾಂಬರು ಕಂಡ ರಸ್ತೆಯ ಊರನ್ನು ಮೇಲೆ ಬರೆದು, ಹಳೆಯ ರಸ್ತೆಯ ಊರನ್ನು ಕೆಳಗೆ ತಳ್ಳೋಣ ಎಂದು ಯಾವ ಎಂಜಿನಿಯರಿಗೂ ಹೊಳೆಯುವುದಿಲ್ಲ. ಫಲಕದ ಮುಂದೆ ನಿಂತವನು ಎತ್ತ ಹೋಗಬೇಕು ಎಂಬುದಷ್ಟೇ ಅಲ್ಲಿ ಮುಖ್ಯ.

ಇದೇ ಪ್ರಯಾಣಿಕ ಇನ್ನೊಂದು ಬಗೆಯ ಫಲಕದ ಮುಂದೆ ನಿಲ್ಲಲಿ. ಹಳ್ಳಿಯ ಕಚೇರಿ, ಹಾಲಿನ ಡೇರಿ, ಸಹಕಾರ ಸಂಘ, ಶಾಲೆ ಎಲ್ಲ ಕಡೆಯೂ ಒಂದೊಂದು ಸೂಚನಾ ಫಲಕ ಇರುತ್ತದೆ. ಅದರ ಮೇಲೆ ಗ್ರಾಮಸಭೆಯ ಪ್ರಕಟಣೆ, ಅದರಡಿ ಲಸಿಕೆ ಶಿಬಿರದ ಕಾಗದ, ಅದರ ಅರ್ಧ ಮುಚ್ಚಿದಂತೆ ಹರಾಜಿನ ನೋಟೀಸು, ಎಲ್ಲಕ್ಕೂ ಕೆಳಗೆ ಬಿಸಿಲಿಗೆ ಹಳದಿಯಾದ, ಯಾವ ವರ್ಷದ್ದೆಂದು ತಿಳಿಯದ ಒಂದು ಪಟ್ಟಿ. ಕೊನೆಗೆ ಬಂದದ್ದು ಮೇಲೆ, ಮೊದಲು ಬಂದದ್ದು ಅಡಿಗೆ. ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ ಇದು. ಪಿನ್ನು ಚುಚ್ಚುವವರ ಕೈ ಮಾಡಿದ ಏರ್ಪಾಡು.

ಹೊಸದು ಮೇಲಿದ್ದರೆ ತಪ್ಪೇನು? ತಪ್ಪೇನಿಲ್ಲ, ಫಲಕವನ್ನು ದಿನಾ ನೋಡುವವರಿಗೆ. ನಿನ್ನೆಯದನ್ನು ನಿನ್ನೆಯೇ ಓದಿದವನಿಗೆ ಇವತ್ತಿನದಷ್ಟೇ ಸಾಕು. ದಿನಪತ್ರಿಕೆ ನಡೆಯುವುದೇ ಈ ನಂಬಿಕೆಯ ಮೇಲೆ. ಆದರೆ ಹಳ್ಳಿಯ ಫಲಕವನ್ನು ದಿನಾ ನೋಡುವವರು ಯಾರು? ಬೀಗ ತೆಗೆಯುವ ಜವಾನ ಮತ್ತು ಎದುರಿನ ಟೀ ಅಂಗಡಿಯವನು. ತೋಟದ ಕೆಲಸ ಬಿಟ್ಟು ತಿಂಗಳಿಗೊಮ್ಮೆ ಬರುವ ರೈತನಿಗೆ, ಪಿಂಚಣಿಗಾಗಿ ಮೂರು ತಿಂಗಳಿಗೊಮ್ಮೆ ಬರುವ ಅಜ್ಜಿಗೆ ಇವತ್ತು ಅಂಟಿಸಿದ್ದು, ಇಪ್ಪತ್ತು ದಿನದ ಹಿಂದೆ ಅಂಟಿಸಿದ್ದು ಎರಡೂ ಹೊಸದೇ. ಅವರಿಗೆ ಬೇಕಾದದ್ದು ಯಾವುದು ಹೊಸದು ಎಂಬುದಲ್ಲ, ಯಾವುದಕ್ಕೆ ಇನ್ನೂ ಕಾಲ ಮೀರಿಲ್ಲ ಎಂಬುದು.

ಮೊದಲ ಪುಟದಲ್ಲಿ ಏನಿರಬೇಕು ಎಂಬ ಪ್ರಶ್ನೆ ದೊಡ್ಡ ಪತ್ರಿಕೆಗಳನ್ನೂ ಬಹಳ ಕಾಲ ಕಾಡಿದೆ. ಮಂಗಳೂರಿನಲ್ಲಿ 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಗೆ ‘ಇದೀಗ ಬಂದ ಸುದ್ದಿ’ ಎಂಬ ಮಾತೇ ಒಪ್ಪುವುದಿಲ್ಲ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಮೊದಲ ಪುಟದ ತುಂಬ ಸಣ್ಣ ಜಾಹೀರಾತುಗಳೇ ಇರುತ್ತಿದ್ದವು. ಅಲ್ಲಿಗೆ ಸುದ್ದಿ ಬಂದದ್ದು 1966ರ ಮೇ 3ರಂದು. ಮದರಾಸಿನ ‘ದಿ ಹಿಂದೂ’ ಪತ್ರಿಕೆ ಮುಖಪುಟದಿಂದ ಜಾಹೀರಾತು ತೆಗೆದು ಸುದ್ದಿ ಹಾಕಿದ್ದು 1958ರಲ್ಲಿ. ಓದುಗನಿಗೆ ಮುಖ್ಯವಾದದ್ದು ಮುಂದಿರಬೇಕು ಎಂಬ, ಈಗ ಸಹಜವೆನಿಸುವ ಮಾತು ಒಪ್ಪಿಗೆಯಾಗಲು ಅಷ್ಟು ಕಾಲ ಹಿಡಿಯಿತು. ಹಳ್ಳಿಯ ಫಲಕ ಇನ್ನೂ ಅಲ್ಲಿಗೆ ಬಂದಿಲ್ಲವೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ಇಷ್ಟಕ್ಕೂ ನಾಲ್ಕು ಚೀಟಿಗಳ ಹಿಂದುಮುಂದಿನಿಂದ ಆಗುವ ನಷ್ಟವೇನು ಎನ್ನುವವರು 2024ರ ಫೆಬ್ರುವರಿ, ಮಾರ್ಚ್ ತಿಂಗಳುಗಳನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗಿತ್ತು. ಖರೀದಿ ಕೇಂದ್ರಕ್ಕೆ ಕೊಬ್ಬರಿ ಕೊಡಬೇಕಾದರೆ ಮೊದಲು ಹೆಸರು ನೋಂದಾಯಿಸಬೇಕಿತ್ತು. ನೋಂದಣಿ ಒಮ್ಮೆ ನಡೆಯಿತು. ಅಕ್ರಮದ ದೂರುಗಳು ಬಂದು ಅದು ರದ್ದಾಯಿತು. ಆಮೇಲೆ ಹೊಸದಾಗಿ ಮತ್ತೊಮ್ಮೆ ನಡೆಯಿತು.

ಈಗ ಒಂದು ಫಲಕವನ್ನು ಊಹಿಸಿಕೊಳ್ಳಿ. ಅದರಲ್ಲಿ ಮೊದಲ ನೋಂದಣಿಯ ಕಾಗದ ಇದೆ. ರದ್ದಾದ ಕಾಗದ ಇದೆ. ಮತ್ತೆ ನೋಂದಾಯಿಸಬೇಕೆಂಬ ಕಾಗದವೂ ಇದೆ. ಆ ಮೂರರ ಮೇಲೆ, ಅದೇ ವಾರ ಬಂದ ಕ್ರೀಡಾಕೂಟದ ಬಣ್ಣದ ಪೋಸ್ಟರು! ಒಬ್ಬ ರೈತ ಬಂದು ಅಂಚಿನಲ್ಲಿ ಇಣುಕುವ ಮೊದಲ ಕಾಗದವನ್ನಷ್ಟೇ ಓದಿ, ‘ನಮ್ಮದು ಆಗಲೇ ಆಗಿದೆ’ ಎಂದು ನೆಮ್ಮದಿಯಿಂದ ಮನೆಗೆ ಹೋದನೆನ್ನಿ. ಕಾಗದಗಳೆಲ್ಲ ಫಲಕದಲ್ಲಿದ್ದವು, ಸುಳ್ಳು ಯಾವುದೂ ಇರಲಿಲ್ಲ, ಕಚೇರಿಯವರು ತಮ್ಮ ಕೆಲಸ ಮಾಡಿಯೇ ಇದ್ದರು. ಆದರೂ ಅವನ ಒಂದು ವರ್ಷದ ಕೊಬ್ಬರಿ ಬೆಂಬಲ ಬೆಲೆಯಿಂದ ಹೊರಗೆ ಉಳಿಯಿತು. ಬೆಲೆಯಲ್ಲಿ ಕ್ವಿಂಟಲಿಗೆ ಎರಡು ಸಾವಿರ ರೂಪಾಯಿ ವ್ಯತ್ಯಾಸವೆಂದಿಟ್ಟುಕೊಂಡರೆ, ಹತ್ತು ಕ್ವಿಂಟಲಿಗೆ ಇಪ್ಪತ್ತು ಸಾವಿರ. ಒಂದು ಪೋಸ್ಟರನ್ನು ಎರಡು ಅಡಿ ಪಕ್ಕಕ್ಕೆ ಹಚ್ಚದ ತಪ್ಪಿಗೆ ಇದು ದುಬಾರಿ ದಂಡ.

ವಿಚಿತ್ರವೆಂದರೆ ಇದೇ ರೈತನ ಮನೆಯ ಅಟ್ಟದಲ್ಲಿ ಇಂಥ ತಪ್ಪು ನಡೆಯುವುದಿಲ್ಲ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗುವುದೇ ಅಟ್ಟದ ಮೇಲೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ ಕುಗ್ಗಿ ಚಿಪ್ಪನ್ನು ಬಿಡುತ್ತದೆ. ಇನ್ನೂ ನೀರಿರುವ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಂದು ಸದ್ದು. ಒಣಗಿದ ಕಾಯಿಯಲ್ಲಿ ಗಟ್ಟಿ ಉಂಡೆ ಉರುಳಿದಂತೆ ಇನ್ನೊಂದು ಸದ್ದು. ಹೊಸ ಕಾಯಿ ಮೇಲೆ ಬಿತ್ತು ಎಂಬ ಕಾರಣಕ್ಕೆ ಅದನ್ನೇ ಮೊದಲು ಇಳಿಸಿ ಸುಲಿಯುವ ಪೆದ್ದತನವನ್ನು ಯಾರೂ ಮಾಡರು. ಅಟ್ಟದಲ್ಲಿ ಸರದಿ ನಿರ್ಧಾರವಾಗುವುದು ಬಂದ ದಿನದಿಂದಲ್ಲ, ಮುಂದೆ ಆಗಬೇಕಾದ ಕೆಲಸದಿಂದ. ಸಿದ್ಧವಾದದ್ದು ಮೊದಲು ಇಳಿಯುತ್ತದೆ, ಆಗದ್ದು ಅಲ್ಲೇ ಉಳಿಯುತ್ತದೆ, ಕೆಟ್ಟದ್ದು ಒಲೆಗೆ ಹೋಗುತ್ತದೆ.

ಗಣಿತವೂ ಈ ಜಾಣತನವನ್ನು ಒಪ್ಪುತ್ತದೆ. ಒಂದೇ ಯಂತ್ರ, ಹಲವು ಕೆಲಸ, ಪ್ರತಿ ಕೆಲಸಕ್ಕೂ ಒಂದು ಗಡುವು. ಯಾವ ಸರದಿಯಲ್ಲಿ ಮಾಡಿದರೆ ಅತಿ ಹೆಚ್ಚು ತಡವಾಗುವ ಕೆಲಸದ ತಡ ಆದಷ್ಟೂ ಕಡಿಮೆಯಾದೀತು? ಗಡುವು ಯಾವುದಕ್ಕೆ ಹತ್ತಿರವೋ ಅದನ್ನು ಮೊದಲು ಮಾಡಿ ಎಂದು 1955ರಲ್ಲಿ ಜೆ. ಆರ್. ಜಾಕ್ಸನ್ ಎಂಬ ಗಣಿತಜ್ಞ ತೋರಿಸಿಕೊಟ್ಟ. ಫಲಕದ ಮುಂದೆ ನಿಂತವನ ಕಣ್ಣೂ ಒಂದೇ ಯಂತ್ರದ ಹಾಗೆ. ಒಂದು ಸಲಕ್ಕೆ ಒಂದೇ ಚೀಟಿ ಓದಬಲ್ಲದು. ಕೊನೆಯ ದಿನಾಂಕ ಹತ್ತಿರವಿರುವ ಚೀಟಿ ಮೇಲಿದ್ದರೆ, ಅರ್ಧ ಓದಿ ಬಸ್ಸಿಗೆ ಓಡಿದವನಿಗೂ ಹೆಚ್ಚಿನ ನಷ್ಟವಾಗುವುದಿಲ್ಲ.

ಇನ್ನು, ಎಷ್ಟು ಚೀಟಿ? ಮನಸ್ಸು ಒಂದು ಸಲಕ್ಕೆ ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಸಂಗತಿಗಳನ್ನು ಹಿಡಿದಿಡಬಲ್ಲದು ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದ ಮಾತು ಬಹಳ ಪ್ರಸಿದ್ಧ. 2001ರಲ್ಲಿ ನೆಲ್ಸನ್ ಕೋವನ್ ಆ ಲೆಕ್ಕವನ್ನು ಪರಿಶೀಲಿಸಿ ಸುಮಾರು ನಾಲ್ಕಕ್ಕೆ ಇಳಿಸಿದರು. ಪದಗಳ ಪಟ್ಟಿಯನ್ನು ಕೇಳಿಸಿ, ನೆನಪಿರುವುದನ್ನು ಹೇಳಿ ಎಂದಾಗ ಮೊದಲಿನವೂ ಕೊನೆಯವೂ ನೆನಪಿನಲ್ಲುಳಿದು ನಡುವಿನವು ಜಾರಿಹೋಗುವುದನ್ನು 1962ರಲ್ಲಿ ಬೆನೆಟ್ ಮರ್ಡಾಕ್ ಪ್ರಯೋಗ ಮಾಡಿ ತೋರಿಸಿದರು. ಇಪ್ಪತ್ತು ಕಾಗದಗಳನ್ನು ಒಟ್ಟಿಗೆ ತೂಗುಹಾಕಿ ‘ಎಲ್ಲವನ್ನೂ ಪ್ರಕಟಿಸಿದ್ದೇವೆ’ ಎನ್ನುವುದು ಸತ್ಯವಾದರೂ, ಅದರಿಂದ ಉಪಯೋಗ ಕಡಿಮೆ. ಕಣ್ಣಿನ ಮಟ್ಟದಲ್ಲಿ ನಾಲ್ಕು ಚೀಟಿ ಇರಲಿ, ಉಳಿದವು ಅದರ ಕೆಳಗಿರಲಿ.

ಜಾಗ ಉಳಿಸಲು ಪೂರ್ತಿ ಕಾಗದದ ಬದಲು ಮೊದಲ ನಾಲ್ಕು ಸಾಲು ಹಾಕಿದರಾಗದೇ? ಇಲ್ಲೊಂದು ತಮಾಷೆ ಇದೆ. ಕಚೇರಿಯ ಕಾಗದದ ಮೊದಲ ನಾಲ್ಕು ಸಾಲನ್ನು ಕತ್ತರಿಸಿ ನೋಡಿ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ, ಸಮಸ್ತ ರೈತ ಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ...’ ಅಲ್ಲಿಗೆ ನಾಲ್ಕು ಸಾಲು ಮುಗಿಯಿತು. ತಿಳಿಯಪಡಿಸಿದ್ದು ಮಾತ್ರ ಏನೂ ಇಲ್ಲ! ಕತ್ತರಿಗೆ ಸಾರಾಂಶ ತಿಳಿಯದು. ಸಾರಾಂಶವನ್ನು ಪೂರ್ತಿ ಓದಿದ ಮನುಷ್ಯನೇ ಬರೆಯಬೇಕು. 2013ರ ಜುಲೈಯಲ್ಲಿ ನಿಂತುಹೋದ ತಂತಿ ಈ ವಿದ್ಯೆಯನ್ನು ಜನಸಾಮಾನ್ಯರಿಗೂ ಕಲಿಸಿತ್ತು. ಪದಕ್ಕಿಷ್ಟು ಎಂದು ಕಾಸು ಕೊಡಬೇಕಾದಾಗ ಯಾರೂ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಬರೆಯುತ್ತಿರಲಿಲ್ಲ.

ಕೊಬ್ಬರಿ ನೋಂದಣಿಯ ಚೀಟಿಯನ್ನು ತಂತಿಯ ಲೆಕ್ಕದಲ್ಲಿ ಬರೆದರೆ ಹೀಗಾಗುತ್ತದೆ: ‘ಕೊಬ್ಬರಿ ನೋಂದಣಿ ರದ್ದಾಗಿದೆ. ಹಿಂದೆ ಮಾಡಿಸಿದವರೂ ಮತ್ತೆ ಮಾಡಿಸಬೇಕು. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಏನೇನು ತರಬೇಕು.’ ಮೂರೇ ಸಾಲು. ಯಾರಿಗೆ, ಏನು, ಎಲ್ಲಿ, ಎಂದಿನೊಳಗೆ ಎಂಬ ನಾಲ್ಕಕ್ಕೂ ಅದರಲ್ಲಿ ಉತ್ತರ ಸಿಗಬೇಕು. ಆದರೆ ಪೂರ್ತಿ ಕಾಗದವನ್ನು ಎಸೆಯುವಂತಿಲ್ಲ. ಎಷ್ಟು ಜಮೀನಿಗೆ ಎಷ್ಟು ಕ್ವಿಂಟಲ್, ಗುಣಮಟ್ಟ ಹೇಗಿರಬೇಕು ಎಂಬ ಷರತ್ತುಗಳು ಅದರಲ್ಲಿರುತ್ತವೆ, ಜಗಳ ಬಂದರೆ ಆಧಾರವೂ ಅದೇ. ಆದ್ದರಿಂದ ಸಾರಾಂಶದ ಕೊನೆಗೆ ‘ಪೂರ್ತಿ ಪ್ರತಿ ಇಂಥ ಮೊಳೆಗೆ ನೇತುಹಾಕಿದೆ’ ಎಂಬ ಒಂದು ಸಾಲು ಬೇಕು.

ಎಲ್ಲದಕ್ಕೂ ಇದೇ ಅಳತೆ ಸಲ್ಲದು. ಶಾಲೆಯ ಗೋಡೆ ಪತ್ರಿಕೆಯಲ್ಲಿ ಏಳನೆಯ ತರಗತಿಯ ಹುಡುಗಿ ತನ್ನ ಅಜ್ಜನ ತೋಟದ ಬಗ್ಗೆ ಬರೆದದ್ದರ ಮೊದಲ ನಾಲ್ಕು ಸಾಲು ಹಾಕಿ ‘ಮುಂದಿನದು ಒಳಗಿದೆ’ ಎಂದರೆ ಆ ಹುಡುಗಿ ಮತ್ತೆ ಬರೆಯುತ್ತಾಳೆಯೇ? ಕಥೆ, ಪದ್ಯಗಳು ಪೂರ್ತಿಯಾಗಿಯೇ ಇರಬೇಕು. ಕಡಿಮೆ ಹಾಕಿದರೂ ಸರಿ, ವಾರಕ್ಕೊಂದಾದರೂ ಸರಿ, ಇಡಿಯಾಗಿ ಹಾಕಬೇಕು. ಸೂಚನೆಯ ಪ್ರಯೋಜನ ಅದರ ಸಾರದಲ್ಲಿದೆ, ಕಥೆಯದು ಓದುವುದರಲ್ಲೇ ಇದೆ. ಸೂಚನೆಗೂ ಕಥೆಗೂ ಒಂದೇ ಕತ್ತರಿ ಹಾಕುವುದು ಎಳನೀರಿಗೂ ಕೊಬ್ಬರಿಗೂ ಒಂದೇ ಮಚ್ಚು ಹಿಡಿದಂತೆ.

ಫಲಕವನ್ನು ಸರಿಪಡಿಸಲು ಖರ್ಚೇನೂ ಇಲ್ಲ. ಸುಣ್ಣದ ಕಡ್ಡಿಯಲ್ಲಿ ಎರಡು ಗೆರೆ ಎಳೆದರೆ ಮೂರು ಭಾಗ. ನಡುವಿನದು, ಕಣ್ಣಿನ ಮಟ್ಟದಲ್ಲಿರುವುದು, ‘ಈಗ ಮಾಡಬೇಕಾದದ್ದು’. ಇಲ್ಲಿ ಕೊನೆಯ ದಿನಾಂಕ ಹತ್ತಿರವಿರುವುದು ಮೇಲೆ. ಎಡಭಾಗ ‘ಹೊಸದಾಗಿ ಬಂದದ್ದು’. ದಿನಾ ನೋಡುವವರಿಗಾಗಿ ಇಲ್ಲಿ ಹೊಸದೇ ಮೇಲಿರಲಿ. ಬಲಭಾಗ ‘ಸದಾ ಬೇಕಾದದ್ದು’: ಕಚೇರಿಯ ವೇಳೆ, ಆಸ್ಪತ್ರೆಯ ದೂರವಾಣಿ, ಬಸ್ಸಿನ ಸಮಯ. ಅಲ್ಲಿನ ಚೀಟಿ ಅಲುಗಾಡಕೂಡದು, ಏಕೆಂದರೆ ಜನರ ಕಣ್ಣು ಅದರ ಜಾಗವನ್ನೇ ನೆನಪಿಟ್ಟುಕೊಂಡಿರುತ್ತದೆ. ಪ್ರತಿ ಚೀಟಿಯ ಮೂಲೆಯಲ್ಲಿ ಎರಡು ದಿನಾಂಕ ಬರೆಯಬೇಕು, ಹಾಕಿದ್ದು ಮತ್ತು ತೆಗೆಯಬೇಕಾದದ್ದು. ರದ್ದಾದ ಕಾಗದವನ್ನು ಮುಚ್ಚುವುದಲ್ಲ, ಕಿತ್ತು ಕಡತಕ್ಕೆ ಸೇರಿಸಬೇಕು.

ಇದು ಬರೀ ಅಚ್ಚುಕಟ್ಟಿನ ಮಾತೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣ, ಸಾರ್ವಜನಿಕ ಕಚೇರಿಗಳು ಕೇಳುವ ಮೊದಲೇ ಮಾಹಿತಿಯನ್ನು ಹೊರಗೆಡಹಬೇಕೆನ್ನುತ್ತದೆ. ಸ್ಥಳೀಯ ಭಾಷೆಯನ್ನೂ, ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿಡಬೇಕೆನ್ನುತ್ತದೆ. ಆ ವಿಧಾನಗಳ ಸಾಲಿನಲ್ಲಿ ಸೂಚನಾ ಫಲಕದ ಹೆಸರೂ ಇದೆ. ಮುಚ್ಚಿಹೋದ ಚೀಟಿಯನ್ನು ಪರಿಣಾಮಕಾರಿ ಎನ್ನಲಾದೀತೇ?

ಬೇಕಾದರೆ ಪ್ರೌಢಶಾಲೆಯ ಮಕ್ಕಳು ಇದನ್ನೊಂದು ಪ್ರಯೋಗವಾಗಿಯೇ ಮಾಡಬಹುದು. ಒಂದು ವಾರ ಫಲಕವನ್ನು ಇದ್ದ ಹಾಗೇ ಬಿಟ್ಟು, ನೋಡಿ ಹೊರಟವರನ್ನು ‘ಏನೇನು ಓದಿದಿರಿ?’ ಎಂದು ಕೇಳಿ ಬರೆದುಕೊಳ್ಳುವುದು. ಮುಂದಿನ ವಾರ ಮೂರು ಭಾಗ ಮಾಡಿ ಅದೇ ಪ್ರಶ್ನೆ ಕೇಳುವುದು. ಉಪಕರಣ ಒಂದು ಪೆನ್ಸಿಲ್, ಒಂದು ನೋಟ್ ಬುಕ್. ಓದು ಬಾರದವರು ಎಷ್ಟು ಜನ ಬಂದು ಸುಮ್ಮನೆ ನಿಂತು ಹೋದರು ಎಂಬುದನ್ನೂ ಲೆಕ್ಕ ಹಾಕಲಿ. ಅವರಿಗೆ ಗಟ್ಟಿಯಾಗಿ ಓದಿ ಹೇಳುವ ಸರದಿಯನ್ನು ಅದೇ ಮಕ್ಕಳು ಹಂಚಿಕೊಂಡರೆ ಪ್ರಯೋಗ ಸಾರ್ಥಕ.

ಅಟ್ಟದ ಕಾಯಿಗೆ ಒಂದು ಅನುಕೂಲವಿದೆ. ತಾನು ಸಿದ್ಧ ಎಂದು ಅದು ಸದ್ದು ಮಾಡಿ ಹೇಳುತ್ತದೆ. ಚೀಟಿಗೆ ಸದ್ದಿಲ್ಲ. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಹತ್ತು ನಿಮಿಷ, ಯಾರಾದರೊಬ್ಬರು ಫಲಕದ ಮುಂದೆ ನಿಂತು ಒಂದೊಂದನ್ನೂ ಎತ್ತಿ, ದಿನಾಂಕ ನೋಡಿ, ಇಡಬೇಕಾದದ್ದನ್ನು ಇಟ್ಟು ತೆಗೆಯಬೇಕಾದದ್ದನ್ನು ತೆಗೆಯಬೇಕು. ಕಿಬ್ಬನಹಳ್ಳಿ ಸೀಮೆಯಲ್ಲಿ ಕಾಯಿ ಅಲ್ಲಾಡಿಸಿ ನೋಡಬಲ್ಲವರಿಗೆ ಬರವಿಲ್ಲ. ಅವರಲ್ಲೊಬ್ಬರು ಈ ಸೋಮವಾರ ಫಲಕದ ಕಡೆಗೂ ತಿರುಗಿದರೆ ಸಾಕು.