ಕಿರೀಟದ ಕಥೆ ಸಾಕು, ಕಲ್ಲು ಮುಳುಗಿಸಿ

ಆರ್ಕಿಮಿಡೀಸ್ ‘ಯುರೇಕಾ’ ಎಂದು ಕೂಗುತ್ತ ಬೆತ್ತಲೆ ಓಡಿದ ಕಥೆ ಹೈಸ್ಕೂಲು ಮಕ್ಕಳಿಗೆಲ್ಲ ಬಾಯಿಪಾಠ. ಅಂಕುಡೊಂಕಾದ ಜಲ್ಲಿಕಲ್ಲೊಂದನ್ನು ಕೈಗಿಟ್ಟು ‘ಇದರ ಗಾತ್ರ ಎಷ್ಟು, ಅಳೆದು ಹೇಳು’ ಅಂದರೆ ಅದೇ ಮಕ್ಕಳು ತಬ್ಬಿಬ್ಬಾಗುತ್ತಾರೆ. ತಪ್ಪು ಅವರದಲ್ಲ. ಅಳತೆಯ ಜಾಡಿ ಬೀರುವಿನೊಳಗೇ ಉಳಿದರೆ ಅವರಾದರೂ ಏನು ಮಾಡಿಯಾರು?

ಆ ಕಥೆಯೂ ಅಷ್ಟೇನೂ ಗಟ್ಟಿಯಲ್ಲ. ಅದನ್ನು ಬರೆದಿಟ್ಟವನು ರೋಮಿನ ವಿಟ್ರೂವಿಯಸ್, ಅದೂ ಆರ್ಕಿಮಿಡೀಸ್ ತೀರಿಹೋಗಿ ಸುಮಾರು ಇನ್ನೂರು ವರ್ಷಗಳ ಮೇಲೆ. ಕಿರೀಟಕ್ಕೆ ಅಕ್ಕಸಾಲಿ ಬೆಳ್ಳಿ ಬೆರೆಸಿದ್ದು ಉಕ್ಕಿ ಚೆಲ್ಲಿದ ನೀರಿನಿಂದ ಪತ್ತೆಯಾಯಿತಂತೆ. ಲೆಕ್ಕ ಹಾಕೋಣ. ಒಂದು ಕಿಲೋ ಅಪ್ಪಟ ಚಿನ್ನದ ಗಾತ್ರ ಸುಮಾರು 52 ಘನ ಸೆಂಟಿಮೀಟರ್. ಅದೇ ತೂಕದಲ್ಲಿ ಶೇ 30ರಷ್ಟು ಬೆಳ್ಳಿಯಿದ್ದರೆ ಸುಮಾರು 65. ಇಪ್ಪತ್ತು ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಈ ವ್ಯತ್ಯಾಸಕ್ಕೆ ನೀರು ಏರುವುದು ಅರ್ಧ ಮಿಲಿಮೀಟರಿಗೂ ಕಡಿಮೆ. ಪಾತ್ರೆಯ ಅಂಚಿನಲ್ಲಿ ಚೆಲ್ಲದೆ ಉಬ್ಬಿ ನಿಲ್ಲುವ ನೀರೇ ಇದನ್ನು ನುಂಗಿಹಾಕುತ್ತದೆ. ಗೆಲಿಲಿಯೋಗೂ ಈ ವಿಧಾನ ಒರಟೆನಿಸಿತ್ತು. 1586ರಲ್ಲಿ, ಇನ್ನೂ 22ರ ಹರೆಯದಲ್ಲಿ, ವಸ್ತುವನ್ನು ನೀರಿನಲ್ಲಿ ಮುಳುಗಿಸಿ ತೂಗುವ ಪುಟ್ಟ ತಕ್ಕಡಿಯ ಬಗ್ಗೆ ಅವನು ಬರೆದ.

ಇವತ್ತು ಅಂಥ ತಕ್ಕಡಿ ಎಷ್ಟೋ ಅಡುಗೆಮನೆಗಳಲ್ಲಿದೆ. ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವಷ್ಟು ಗ್ರಾಂ, ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ನೀರು ಕಲ್ಲನ್ನು ಎಷ್ಟು ಮೇಲಕ್ಕೆ ಒತ್ತುತ್ತದೋ ಕಲ್ಲು ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ, ಗುಟ್ಟು ಇಷ್ಟೇ. ನೂರು ಗ್ರಾಂ ಗ್ರಾನೈಟ್ ಚೂರಿಗೆ 37–38 ಬರುತ್ತದೆ. ಇಟ್ಟಿಗೆ ಚೂರು ಮಾತ್ರ ಸತಾಯಿಸುತ್ತದೆ: ಗುಳ್ಳೆ ಬಿಡುತ್ತ ನೀರು ಕುಡಿಯುತ್ತದೆ, ಅಂಕಿ ನಿಧಾನವಾಗಿ ಇಳಿಯುತ್ತದೆ. ಹಾಗೇಕೆ ಎಂದು ಮಕ್ಕಳು ಕೇಳಿದರೆ ಪಾಠ ಅಲ್ಲಿಂದಲೇ ಶುರು.

ಇದು ಆಟವೂ ಅಲ್ಲ. ಕಾಂಕ್ರೀಟಿನ ಜಲ್ಲಿಯ ಸಾಂದ್ರತೆ ಎಷ್ಟು, ಅದು ಎಷ್ಟು ನೀರು ಹೀರುತ್ತದೆ ಎಂದು ತಿಳಿಯಲು ಪರೀಕ್ಷಾಲಯಗಳಲ್ಲಿ ಇಂದಿಗೂ ಅದನ್ನು ತಂತಿ ಬುಟ್ಟಿಯಲ್ಲಿ ನೀರಿಗಿಳಿಸಿ ತೂಗುತ್ತಾರೆ. ಚಿನ್ನದ ವಿಷಯದಲ್ಲಿ ಮಾತ್ರ ಇದನ್ನೇ ಪೂರ್ತಿ ನಂಬುವಂತಿಲ್ಲ. ಟಂಗ್‌ಸ್ಟನ್ನಿನ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದಷ್ಟೇ ಇರುವುದರಿಂದ ಅದನ್ನು ಒಳಗೆ ತುಂಬಿದ ಗಟ್ಟಿ ಇಲ್ಲಿ ಸಿಕ್ಕಿಬೀಳುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಆರ್ಕಿಮಿಡೀಸ್ ತತ್ವದ ವ್ಯಾಖ್ಯೆ ಕೇಳುವುದು ಬಿಟ್ಟು ಒಂದು ಕಲ್ಲು, ಒಂದು ತಕ್ಕಡಿ, ಒಂದು ಚೊಂಬು ನೀರು ಕೊಡಿ. ಹತ್ತು ನಿಮಿಷದ ಕೆಲಸ.